ಒಂದು ಮುತ್ತಿಗೆ ಶಾಶ್ವತ ನರಕವೇ?

ಓದುಗರ ಪ್ರಶ್ನೆ: ಡಾಂಟೆಯ ‘ಡಿವೈನ್ ಕಾಮಿಡಿ’ಯನ್ನು ಅನುವಾದದಲ್ಲಿ ಓದಲು ಶುರು ಮಾಡಿದೆ. ನರಕದ ಐದನೇ ಸರ್ಗದಲ್ಲಿ ಫ್ರಾಂಚೆಸ್ಕಾ ಎಂಬ ಹೆಣ್ಣಿನ ಕಥೆ ಬರುತ್ತದೆ. ಮೈದುನನ ಜೊತೆ ಕೂತು ಪುಸ್ತಕ ಓದುವಾಗ ಒಂದು ಮುತ್ತು. ಗಂಡ ಇಬ್ಬರನ್ನೂ ಕೊಂದ. ಈಗ ಇಬ್ಬರೂ ಬಿರುಗಾಳಿಯಲ್ಲಿ ಎಂದೆಂದಿಗೂ ಸುತ್ತುತ್ತಿರಬೇಕು. ಓದಿ ಬೇಜಾರಾಗಿ ಪುಸ್ತಕ ಮುಚ್ಚಿಟ್ಟೆ. ಮುಂದಿನ ಭಾಗದಲ್ಲಿ ಇದೇ ಪಾಪ ಮಾಡಿದವರು ಸ್ವರ್ಗಕ್ಕೆ ಹೋಗುತ್ತಾರಂತೆ. ಇದ್ಯಾವ ನ್ಯಾಯ? ನಮ್ಮ ಪುರಾಣದ ನರಕಕ್ಕಾದರೂ ಒಂದು ಅವಧಿ ಇದೆ. ಇನ್ನೊಂದು ಮಾತು: ಡಾಂಟೆ ಲೆಕ್ಕದಲ್ಲಿ ನಮ್ಮಂಥವರು ಎಲ್ಲಿಗೆ ಹೋಗಬೇಕು?

ಉತ್ತರ: ನೀವು ಪುಸ್ತಕ ಮುಚ್ಚಿಟ್ಟ ಜಾಗದಲ್ಲೇ ಡಾಂಟೆಯೂ ಎಚ್ಚರ ತಪ್ಪಿ ಬಿದ್ದಿದ್ದ. ಐದನೇ ಸರ್ಗದ ಕೊನೇ ಸಾಲು ನೋಡಿ, ‘ಹೆಣ ಬಿದ್ದ ಹಾಗೆ ಬಿದ್ದೆ’ ಅನ್ನುತ್ತಾನೆ. ಹಾಗಾಗಿ ನಿಮ್ಮ ಬೇಜಾರು ತಪ್ಪಲ್ಲ. ಆ ಸರ್ಗ ಬರೆದಿರುವುದೇ ಓದಿದವರ ಹೊಟ್ಟೆಯಲ್ಲಿ ಸಂಕಟ ಆಗಲಿ ಅಂತ. ಆದರೆ ಅವನು ಎದ್ದು ಮುಂದೆ ಹೋದ. ಒಟ್ಟು 100 ಸರ್ಗ. ಇನ್ನೂ 95 ಬಾಕಿ ಇದ್ದವು. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ 95ರಲ್ಲಿ, ಅದೂ ಅಲ್ಲೊಂದು ಇಲ್ಲೊಂದು ತುಣುಕಾಗಿ.

ಮೊದಲು ಎರಡು ಮಾತು ಹಿನ್ನೆಲೆ. ಡಾಂಟೆ ಹುಟ್ಟಿದ್ದು 1265ರಲ್ಲಿ, ಫ್ಲಾರೆನ್ಸ್‌ನಲ್ಲಿ. ಊರಿನ ರಾಜಕೀಯದಲ್ಲಿ ಸಿಕ್ಕಿಕೊಂಡ. 1302ರಲ್ಲಿ ಗಡೀಪಾರಾದ. ಮತ್ತೆ ಊರು ನೋಡಲೇ ಇಲ್ಲ. ಈ ಕಾವ್ಯ ಪೂರ್ತಿ ಬರೆದದ್ದು ಊರೂರು ಅಲೆಯುತ್ತಾ, ಕಂಡವರ ಮನೆಯಲ್ಲಿ ಅನ್ನ ತಿನ್ನುತ್ತಾ. 1321ರಲ್ಲಿ ರವೆನ್ನಾ ಎಂಬ ಊರಿನಲ್ಲಿ ತೀರಿಕೊಂಡ. ಕಥೆ ಮಾತ್ರ 1300ರ ಈಸ್ಟರ್ ವಾರದಲ್ಲಿ ನಡೆಯುತ್ತದೆ. ಡಾಂಟೆ ಎಂಬ ಒಬ್ಬ ಬದುಕಿರುವ ಮನುಷ್ಯ ನರಕಕ್ಕೆ ಇಳಿದು, ಪಾಪ ತೊಳೆದುಕೊಳ್ಳುವ ಶುದ್ಧಿಯ ಬೆಟ್ಟ ಹತ್ತಿ, ಸ್ವರ್ಗಕ್ಕೆ ಏರುತ್ತಾನೆ. ಇಲ್ಲಿ ಇಬ್ಬರು ಡಾಂಟೆ ಇದ್ದಾರೆ, ಇದನ್ನು ಮರೆಯಬೇಡಿ. ನಡೆಯುವವನು ಒಬ್ಬ, ಬರೆಯುವವನು ಇನ್ನೊಬ್ಬ. ಮೂರ್ಛೆ ಹೋದದ್ದು ನಡೆಯುವವನು. ಫ್ರಾಂಚೆಸ್ಕಾಳನ್ನು ಅಲ್ಲಿಟ್ಟದ್ದು ಬರೆಯುವವನು.

ಫ್ರಾಂಚೆಸ್ಕಾ ಕಟ್ಟುಕಥೆಯಲ್ಲ. ರವೆನ್ನಾದ ಪೊಲೆಂತಾ ಮನೆತನದ ಹುಡುಗಿ. ರಿಮಿನಿಯ ಮಲಾತೆಸ್ತಾ ಮನೆತನಕ್ಕೆ ಕೊಟ್ಟಿದ್ದರು. ಗಂಡ ಜಾನ್‌ಚೊಟ್ಟೊ, ಮೈದುನ ಪಾವೊಲೊ. ಆ ಹೊತ್ತಿಗೆ ಪಾವೊಲೊಗೂ ಮದುವೆಯಾಗಿತ್ತು. ಇಬ್ಬರಿಗೂ ಮಕ್ಕಳಿದ್ದರು. ಪಾವೊಲೊ 1282ರಲ್ಲಿ ಫ್ಲಾರೆನ್ಸ್‌ಗೆ ಅಧಿಕಾರಿಯಾಗಿ ಬಂದಿದ್ದ. ಆಗ ಡಾಂಟೆಗೆ ಹದಿನೇಳು ವರ್ಷ. ಬೀದಿಯಲ್ಲಿ ನೋಡಿದ್ದರೂ ನೋಡಿರಬಹುದು.

ಇನ್ನೊಂದು ತಮಾಷೆ ಗಮನಿಸಿ. ಡಾಂಟೆಗೆ ಕೊನೆಗಾಲದಲ್ಲಿ ರವೆನ್ನಾದಲ್ಲಿ ಆಶ್ರಯ ಕೊಟ್ಟ ದೊರೆ ಗ್ವಿದೊ ನೊವೆಲ್ಲೊ ಇದೇ ಪೊಲೆಂತಾ ಮನೆತನದವನು. ಫ್ರಾಂಚೆಸ್ಕಾ ಅವನಿಗೆ ಸ್ವಂತ ಅತ್ತೆ, ಅಂದರೆ ಅಪ್ಪನ ತಂಗಿ ಅಥವಾ ಅಕ್ಕ. ಯಾರ ಮನೆ ಮಗಳನ್ನು ನರಕದಲ್ಲಿ ಕೂರಿಸಿದನೋ ಅವರ ಮನೆಯಲ್ಲೇ ಉಂಡು ಕಣ್ಣು ಮುಚ್ಚಿದ.

‘ಪಾಪ, ಅವಳಿಗೆ ಮೋಸ ಆಗಿತ್ತಲ್ವಾ? ಚೆಂದದ ತಮ್ಮನನ್ನು ತೋರಿಸಿ ಕುಂಟ ಅಣ್ಣನಿಗೆ ಕಟ್ಟಿದರಂತಲ್ಲ?’ ಅಂತ ಬಹಳ ಜನ ಕೇಳುತ್ತಾರೆ. ಅದು ಡಾಂಟೆಯಲ್ಲಿ ಇಲ್ಲ. 1373ರಲ್ಲಿ ಬೊಕಾಚ್ಚೊ ಎಂಬ ಕಥೆಗಾರ ಫ್ಲಾರೆನ್ಸ್‌ನಲ್ಲಿ ಈ ಕಾವ್ಯದ ಬಗ್ಗೆ ಉಪನ್ಯಾಸ ಶುರು ಮಾಡಿದನಲ್ಲ, ಅವನು ಸೇರಿಸಿದ ಒಗ್ಗರಣೆ ಅದು. ಡಾಂಟೆ ಆ ನೆಪವನ್ನು ಅವಳಿಗೆ ಕೊಡಲಿಲ್ಲ.

ಹಾಗಂತ ಗಂಡನ ಪರವೂ ನಿಲ್ಲಲಿಲ್ಲ. ಡಾಂಟೆಯ ನರಕ ಒಂದು ಆಲಿಕೆಯ ಹಾಗೆ, ಒಂಬತ್ತು ಸುತ್ತು. ಕೆಳಗೆ ಹೋದಷ್ಟೂ ಪಾಪ ಕೆಟ್ಟದ್ದು. ಫ್ರಾಂಚೆಸ್ಕಾ ಇರುವುದು ಎರಡನೇ ಸುತ್ತಿನಲ್ಲಿ. ಮೊದಲನೆಯದು ಲಿಂಬೋ, ಕ್ರಿಸ್ತನನ್ನು ಅರಿಯದೆ ಸತ್ತ ಒಳ್ಳೆಯವರ ಜಾಗ, ಅಲ್ಲಿ ಶಿಕ್ಷೆ ಅಂತ ಏನೂ ಇಲ್ಲ. ಅಂದರೆ ಶಿಕ್ಷೆ ಇರುವ ಜಾಗಗಳಲ್ಲಿ ಅತಿ ಮೇಲಿನದು ಅವಳದು. ಅವಳೇ ಹೇಳುತ್ತಾಳೆ, ‘ನಮ್ಮ ಜೀವ ತೆಗೆದವನಿಗೆ ಕಾಯಿನಾ ಕಾದಿದೆ’ ಅಂತ. ಕಾಯಿನಾ ಅಂದರೆ ಒಂಬತ್ತನೇ ಸುತ್ತಿನ ಒಂದು ಭಾಗ, ತಳದ ಮಂಜುಗಡ್ಡೆ. ಒಡಹುಟ್ಟಿದವರನ್ನು, ರಕ್ತಸಂಬಂಧಿಕರನ್ನು ಕೊಂದವರು ಅದರಲ್ಲಿ ಕುತ್ತಿಗೆವರೆಗೆ ಹೂತಿರುತ್ತಾರೆ. ‘ಕಾದಿದೆ’ ಅನ್ನುವುದು ಯಾಕೆಂದರೆ 1300ರಲ್ಲಿ ಗಂಡ ಇನ್ನೂ ಬದುಕಿದ್ದ. ಮರ್ಯಾದೆಗಾಗಿ ಹೆಂಡತಿಯನ್ನೂ ತಮ್ಮನನ್ನೂ ಕೊಂದವನನ್ನು 700 ವರ್ಷಗಳ ಹಿಂದೆ ಒಬ್ಬ ಕವಿ ಎಲ್ಲಿಗೆ ಕಳಿಸಿದ ನೋಡಿ.

ಈಗ ಅಸಲು ವಿಷಯಕ್ಕೆ ಬರೋಣ. ಅವಳು ಯಾಕೆ ಅಲ್ಲಿದ್ದಾಳೆ?

ಅವಳ ಮಾತನ್ನು ಇನ್ನೊಂದು ಸಲ ನಿಧಾನಕ್ಕೆ ಕೇಳಿ. ಮೂರು ಮೂರು ಸಾಲಿನ ಮೂರು ಪದ್ಯ. ಮೂರೂ ‘ಅಮೋರ್’ ಅಂತಲೇ ಶುರು, ಅಂದರೆ ಪ್ರೀತಿ. ಒಳ್ಳೆಯ ಹೃದಯಕ್ಕೆ ಥಟ್ಟನೆ ಹತ್ತಿಕೊಳ್ಳುವ ಪ್ರೀತಿ ಇವನನ್ನು ಹಿಡಿಯಿತು. ಒಬ್ಬರು ಪ್ರೀತಿಸಿದರೆ ಮರಳಿ ಪ್ರೀತಿಸದೆ ಇರಲು ಬಿಡದ ಪ್ರೀತಿ ನನ್ನನ್ನೂ ಹಿಡಿಯಿತು. ಪ್ರೀತಿ ನಮ್ಮಿಬ್ಬರನ್ನೂ ಒಂದೇ ಸಾವಿಗೆ ಒಯ್ದಿತು. ಎಷ್ಟು ಚೆಂದ ಅಲ್ವಾ? ಇಟಾಲಿಯನ್‌ನಲ್ಲಿ ಕೇಳಿದರೆ ಇನ್ನೂ ಚೆಂದ.

ಆದರೆ ಈ ಮೂರೂ ವಾಕ್ಯದಲ್ಲಿ ಕರ್ತೃ ಯಾರು? ಪ್ರೀತಿ. ಹಿಡಿದದ್ದು ಪ್ರೀತಿ, ಒಯ್ದದ್ದು ಪ್ರೀತಿ. ‘ನಾನು’ ಎಲ್ಲಿ?

ನಮ್ಮ ಮನೆಗಳಲ್ಲಿ ದಿನಾ ಕೇಳುವ ಮಾತಿದೆ. ಅಡುಗೆಮನೆಯಲ್ಲಿ ಢಣ್ ಅಂತ ಸದ್ದಾಗುತ್ತದೆ. ಏನೋ ಅದು ಅಂತ ಕೂಗಿದರೆ ಮಗ ‘ಲೋಟ ಬಿತ್ತು’ ಅನ್ನುತ್ತಾನೆ. ‘ಬೀಳಿಸಿದೆ’ ಅನ್ನುವುದಿಲ್ಲ. ದೊಡ್ಡವರೂ ಕಡಿಮೆಯೇನಲ್ಲ. ‘ತಪ್ಪಾಗಿಹೋಯ್ತು’ ಅನ್ನುತ್ತೇವೆ. ‘ತಪ್ಪು ಮಾಡಿದೆ’ ಅನ್ನಲು ನಾಲಿಗೆ ಏಳುವುದಿಲ್ಲ. ಕನ್ನಡದಲ್ಲಿ ಈ ಬಿತ್ತು–ಬೀಳಿಸಿದೆ, ಆಯ್ತು–ಮಾಡಿದೆ ಜೋಡಿಗಳ ನಡುವೆ ಇರುವ ಜಾಗ ಇದೆಯಲ್ಲ, ಡಾಂಟೆಯ ನರಕಕ್ಕೂ ಶುದ್ಧಿಯ ಬೆಟ್ಟಕ್ಕೂ ನಡುವೆ ಇರುವ ದೂರ ಅಷ್ಟೇ. ಫ್ರಾಂಚೆಸ್ಕಾ ಹೇಳುವುದು ಪೂರ್ತಿ ‘ಲೋಟ ಬಿತ್ತು’ ಭಾಷೆ.

ಡಾಂಟೆ ಬಿಡುವುದಿಲ್ಲ, ಇನ್ನೂ ಕೆದಕುತ್ತಾನೆ. ಮೊದಲು ಗೊತ್ತಾದದ್ದು ಹೇಗೆ ಅಂತ ಕೇಳುತ್ತಾನೆ. ಆಗ ಪುಸ್ತಕದ ಕಥೆ ಬರುತ್ತದೆ. ಇಬ್ಬರೇ ಕೂತು, ತನ್ನ ರಾಜನ ಹೆಂಡತಿಯನ್ನೇ ಪ್ರೀತಿಸಿದ ಲ್ಯಾನ್ಸಲಾಟ್ ಎಂಬ ವೀರನ ಪ್ರೇಮಕಥೆ ಓದುತ್ತಿದ್ದರು. ಅವನು ರಾಣಿಗೆ ಮುತ್ತು ಕೊಟ್ಟ ಜಾಗ ಬಂದಾಗ ಪಾವೊಲೊ ಮೈಯೆಲ್ಲಾ ನಡುಗುತ್ತಾ ಅವಳ ಬಾಯಿಗೆ ಮುತ್ತಿಟ್ಟ. ‘ಆ ಪುಸ್ತಕವೇ ತಲೆಹಿಡುಕ, ಬರೆದವನೂ ಅಷ್ಟೇ’ ಅನ್ನುತ್ತಾಳೆ. ಮೊದಲು ಪ್ರೀತಿಯ ಮೇಲೆ ಹಾಕಿದಳು, ಈಗ ಪುಸ್ತಕದ ಮೇಲೆ. ಡಾಂಟೆಯ ಕಾಲದವರು ಓದುತ್ತಿದ್ದ ಆ ಹಳೆಯ ಫ್ರೆಂಚ್ ಗದ್ಯಕಥೆ ಈಗಲೂ ಸಿಗುತ್ತದೆ. ಅದರಲ್ಲಿ ಮೊದಲು ಮುತ್ತು ಕೊಡುವುದು ರಾಣಿ. ಲ್ಯಾನ್ಸಲಾಟ್ ನಾಚಿಕೊಂಡು ನಿಂತಿರುತ್ತಾನೆ, ರಾಣಿಯೇ ಅವನ ಗದ್ದ ಹಿಡಿದು ಮುತ್ತಿಡುತ್ತಾಳೆ. ಫ್ರಾಂಚೆಸ್ಕಾ ಹೇಳುವಾಗ ಅದು ತಿರುಗಿದೆ. ಕಥೆಯಲ್ಲೂ ಗಂಡಸೇ ಕೊಟ್ಟ, ಇಲ್ಲೂ ಗಂಡಸೇ ಕೊಟ್ಟ. ಡಾಂಟೆ ಇದನ್ನು ಬೇಕೆಂದೇ ಮಾಡಿದ್ದು ಅಂತ ನನ್ನ ಅಭಿಪ್ರಾಯ. ಅಷ್ಟು ಪ್ರಸಿದ್ಧ ಕಥೆಯನ್ನು ಅವನು ಮರೆತಿರಲಾರ.

ಹಾಗಾದರೆ ಬಿರುಗಾಳಿ? ಅದು ಯಾರೋ ಜಡ್ಜ್ ಪುಸ್ತಕ ತೆಗೆದು ನೋಡಿ ಕೊಟ್ಟ ಶಿಕ್ಷೆಯಲ್ಲ. ಎರಡನೇ ಸುತ್ತಿನ ಬಾಗಿಲಲ್ಲಿ ಮಿನೊಸ್ ಎಂಬ ನ್ಯಾಯಾಧೀಶ ಇದ್ದಾನೆ, ನಿಜ. ಬಾಲವನ್ನು ಸೊಂಟಕ್ಕೆ ಎಷ್ಟು ಸುತ್ತು ಸುತ್ತಿಕೊಳ್ಳುತ್ತಾನೋ ಅಷ್ಟನೇ ಸುತ್ತಿಗೆ ಆತ್ಮ ಬೀಳುತ್ತದೆ. ಆದರೆ ಅಲ್ಲಿ ಸಿಗುವುದು ಭೂಮಿಯ ಮೇಲೆ ಅವರೇ ಆರಿಸಿಕೊಂಡದ್ದು. ಆಸೆ ಬೀಸಿದ ಕಡೆ ತೇಲಿಹೋದರು, ಈಗ ಗಾಳಿ ಬೀಸಿದ ಕಡೆ ತೇಲುತ್ತಾರೆ. ನಮ್ಮಲ್ಲಿ ‘ಮಾಡಿದ್ದುಣ್ಣೋ ಮಹಾರಾಯ’ ಅನ್ನುತ್ತಾರಲ್ಲ, ಅದನ್ನು ಡಾಂಟೆ ಅಕ್ಷರಶಃ ಎಲೆ ಹಾಕಿ ಬಡಿಸುತ್ತಾನೆ.

ಇದಕ್ಕೆ ಅವನ ಮಾತು ‘ಕೊಂತ್ರಪಾಸ್ಸೊ’. ಇಡೀ ಕಾವ್ಯದ 14,233 ಸಾಲುಗಳಲ್ಲಿ ಈ ಪದ ಬರುವುದು ಒಂದೇ ಸಲ, ನರಕದ 28ನೇ ಸರ್ಗದ ಕೊನೆಯಲ್ಲಿ. ಹೇಳುವವನು ಬರ್ತ್ರಾನ್ ದ ಬೋರ್ನ್ ಎಂಬ ಕವಿ. ಇಂಗ್ಲೆಂಡಿನ ರಾಜನಿಗೂ ಅವನ ಮಗನಿಗೂ ಜಗಳ ಹಚ್ಚಿದವನು. ತಂದೆ ಮಗನನ್ನು ಬೇರ್ಪಡಿಸಿದ್ದಕ್ಕೆ ಅವನ ತಲೆ ಮುಂಡದಿಂದ ಬೇರ್ಪಟ್ಟಿದೆ. ಕೂದಲು ಹಿಡಿದು, ಲಾಟೀನು ತೂಗಿಸಿಕೊಂಡು ಹೋಗುವ ಹಾಗೆ, ತನ್ನ ತಲೆಯನ್ನೇ ಹಿಡಿದು ನಡೆಯುತ್ತಾನೆ. ಡಾಂಟೆ ಸೇತುವೆಯ ಮೇಲೆ ನಿಂತಿದ್ದಾನೆ. ಅವನಿಗೆ ಮಾತು ಕೇಳಿಸಲಿ ಅಂತ ಬರ್ತ್ರಾನ್ ತೋಳನ್ನು ತಲೆ ಸಮೇತ ಮೇಲಕ್ಕೆತ್ತುತ್ತಾನೆ. ಇಂಥ ಸಣ್ಣ ವಿವರಕ್ಕೇ ನಾನು ಡಾಂಟೆಯನ್ನು ಮತ್ತೆ ಮತ್ತೆ ಓದುವುದು.

ಈಗ ನೀವು ಕೇಳಬಹುದು: ಪಶ್ಚಾತ್ತಾಪ ಪಡಲು ಆ ಇಬ್ಬರಿಗೆ ಸಮಯ ಎಲ್ಲಿತ್ತು? ಗಂಡ ಕತ್ತಿ ಹಿಡಿದು ಬಂದ, ಮುಗಿಯಿತು. ಒಳ್ಳೆಯ ಪ್ರಶ್ನೆ. ಡಾಂಟೆ ಇದಕ್ಕೆ ಎರಡನೇ ಭಾಗದ, ಅಂದರೆ ಶುದ್ಧಿಯ ಬೆಟ್ಟದ, ಐದನೇ ಸರ್ಗದಲ್ಲಿ ಉತ್ತರ ಕೊಡುತ್ತಾನೆ. ಹೌದು, ಅಲ್ಲೂ ಐದನೆಯದೇ. ಅಲ್ಲಿರುವವರೆಲ್ಲಾ ಹೊಡೆತ ತಿಂದು ಸತ್ತವರು, ಕೊನೇ ಗಳಿಗೆವರೆಗೂ ಪಾಪಿಗಳಾಗಿದ್ದವರು.

ಬುವೊನ್‌ಕೊಂತೆ ಎಂಬ ಸೇನಾಪತಿ ಇದ್ದ. 1289ರ ಜೂನ್ 11ರಂದು ಕಂಪಾಲ್ದಿನೊ ಎಂಬಲ್ಲಿ ಫ್ಲಾರೆನ್ಸ್‌ಗೂ ಅರೆಜ್ಜೊಗೂ ಯುದ್ಧವಾಯಿತು. ಡಾಂಟೆ ಫ್ಲಾರೆನ್ಸ್‌ನ ಕುದುರೆ ಸವಾರರಲ್ಲಿ ಒಬ್ಬ. ಬುವೊನ್‌ಕೊಂತೆ ಎದುರಾಳಿ ಕಡೆಯವನು. ಅವನ ಹೆಣ ಸಿಗಲೇ ಇಲ್ಲ. ಆ ಸಿಗದ ಹೆಣದ ಸುತ್ತ ಡಾಂಟೆ ಒಂದು ಕಥೆ ಕಟ್ಟಿದ. ಗಂಟಲಿಗೆ ಏಟು ಬಿದ್ದಿದೆ. ಕುದುರೆ ಇಲ್ಲ. ನೆಲಕ್ಕೆಲ್ಲಾ ರಕ್ತ ಸುರಿಸುತ್ತಾ ನದಿಯ ಕಡೆ ಓಡುತ್ತಾನೆ. ಕಣ್ಣು ಕತ್ತಲಾಗುತ್ತದೆ. ಕೊನೇ ಉಸಿರಲ್ಲಿ ‘ಮರಿಯಾ’ ಅನ್ನುತ್ತಾನೆ, ಒಂದು ತೊಟ್ಟು ಕಣ್ಣೀರು. ಅಷ್ಟೇ. ದೇವದೂತ ಬಂದು ಆತ್ಮವನ್ನು ಎತ್ತಿಕೊಂಡ. ಕಾದು ಕೂತಿದ್ದ ಪಿಶಾಚಿಗೆ ಮೈಯೆಲ್ಲಾ ಉರಿ. ‘ಒಂದು ಪುಟಾಣಿ ಕಣ್ಣೀರಿಗೆ ಇವನನ್ನು ಕಿತ್ತುಕೊಂಡು ಹೋಗ್ತೀಯಾ?’ ಅಂತ ಕಿರುಚಿತು. ಆತ್ಮ ಸಿಗಲಿಲ್ಲ ಅಂತ ದೇಹದ ಮೇಲೆ ಸೇಡು ತೀರಿಸಿಕೊಂಡಿತು. ಮಳೆ ಎಬ್ಬಿಸಿ, ಹೊಳೆ ಉಕ್ಕಿಸಿ, ಹೆಣವನ್ನು ಆರ್ನೊ ನದಿಗೆ ತಳ್ಳಿತು. ಸಾಯುವಾಗ ಎದೆಯ ಮೇಲೆ ಶಿಲುಬೆಯಂತೆ ಕಟ್ಟಿಕೊಂಡಿದ್ದ ತೋಳುಗಳನ್ನು ನೀರು ಬಿಡಿಸಿಹಾಕಿತು.

ಇವನ ಅಪ್ಪ ಗ್ವಿದೊ ದ ಮೊಂತೆಫೆಲ್ತ್ರೊ ಎಲ್ಲಿದ್ದಾನೆ ಗೊತ್ತಾ? ನರಕದ 27ನೇ ಸರ್ಗದಲ್ಲಿ, ಬೆಂಕಿಯ ಒಳಗೆ. ಅವನೂ ಯೋಧನೇ. ವಯಸ್ಸಾದ ಮೇಲೆ ಕಾವಿಯಂಥ ಬಟ್ಟೆ ತೊಟ್ಟು ಫ್ರಾನ್ಸಿಸ್ಕನ್ ಸನ್ಯಾಸಿಯಾದ. ಆಗ ಪೋಪ್ ಎಂಟನೇ ಬೊನಿಫಾಚೊ ಬಂದು ಶತ್ರುಗಳ ಕೋಟೆ ಹಿಡಿಯಲು ಒಂದು ಮೋಸದ ಉಪಾಯ ಕೇಳಿದ. ಪಾಪ ಅಂತ ಹೆದರಬೇಡ, ಈಗಲೇ ಕ್ಷಮಿಸಿದ್ದೇನೆ ಅಂದ. ಗ್ವಿದೊ ಉಪಾಯ ಹೇಳಿದ: ಜಾಸ್ತಿ ಮಾತು ಕೊಡು, ಕಡಿಮೆ ಉಳಿಸಿಕೋ. ಸತ್ತಾಗ ಸಂತ ಫ್ರಾನ್ಸಿಸ್ ಸ್ವತಃ ಕರೆದೊಯ್ಯಲು ಬಂದ. ಕಪ್ಪು ಪಿಶಾಚಿ ಅಡ್ಡ ಬಂತು. ಪಾಪ ಮಾಡಬೇಕು ಅನ್ನುವ ಮನಸ್ಸೂ ಪಶ್ಚಾತ್ತಾಪವೂ ಒಂದೇ ಹೊತ್ತಿಗೆ ಇರಲು ಸಾಧ್ಯವಿಲ್ಲ ಅಂತ ವಾದಿಸಿತು. ಆಮೇಲೆ ಗ್ವಿದೊ ಕಡೆ ತಿರುಗಿ, ‘ನಾನು ತರ್ಕ ಓದಿದವನು ಅಂತ ನಿನಗೆ ಗೊತ್ತಿರಲಿಲ್ಲ ಅಲ್ವಾ?’ ಅಂತ ಕೇಳಿತು. ಅಪ್ಪನಿಗೆ ಪೋಪನ ಮುಂಗಡ ರಸೀದಿ ಇತ್ತು, ಪ್ರಯೋಜನವಾಗಲಿಲ್ಲ. ಮಗನ ಹತ್ತಿರ ಏನೂ ಇರಲಿಲ್ಲ, ಒಂದು ತೊಟ್ಟು ನೀರು ಬಿಟ್ಟರೆ.

ಬುವೊನ್‌ಕೊಂತೆ ಮಾತು ಮುಗಿಸುತ್ತಿದ್ದಂತೆ ಪಿಯಾ ಎಂಬ ಹೆಂಗಸು ಮಾತಾಡುತ್ತಾಳೆ. ಅವಳನ್ನೂ ಗಂಡನೇ ಕೊಲ್ಲಿಸಿದ ಅನ್ನುತ್ತಾರೆ ಹಳೆಯ ವ್ಯಾಖ್ಯಾನಕಾರರು. ಏಳೇ ಸಾಲು ಅವಳ ಪಾತ್ರ. ಫ್ರಾಂಚೆಸ್ಕಾಳ ಹಾಗೆ ಅವಳು ವಾದ ಮಾಡುವುದಿಲ್ಲ. ಗಂಡನಿಗೆ ಶಾಪ ಹಾಕುವುದಿಲ್ಲ. ‘ಸಿಯೆನಾ ನನ್ನನ್ನು ಮಾಡಿತು, ಮರೆಮ್ಮಾ ನನ್ನನ್ನು ಅಳಿಸಿತು’ ಅನ್ನುತ್ತಾಳೆ, ಅಂದರೆ ಹುಟ್ಟಿದ ಊರು ಒಂದು, ಸತ್ತ ಸೀಮೆ ಇನ್ನೊಂದು. ಅದಕ್ಕೂ ಮೊದಲು ಡಾಂಟೆಗೆ ಹೇಳುವ ಮಾತು ಕೇಳಿ: ‘ನೀನು ವಾಪಸ್ ಹೋಗಿ, ದಾರಿಯ ದಣಿವು ಆರಿಸಿಕೊಂಡ ಮೇಲೆ, ನನ್ನನ್ನು ನೆನೆಸಿಕೋ.’ ಇಡೀ ಕಾವ್ಯದಲ್ಲಿ ಡಾಂಟೆಗೆ ಸುಸ್ತಾಗಿರಬಹುದು ಅಂತ ಯೋಚಿಸಿದ ಆತ್ಮ ಇವಳೊಬ್ಬಳೇ ಇರಬೇಕು.

ನಮ್ಮ ನರಕಕ್ಕೆ ಅವಧಿ ಇದೆ ಅಂದಿರಿ. ಸರಿಯೇ. ಪಾಪ ತೀರಿದರೆ ನರಕವೂ ಮುಗಿಯುತ್ತದೆ, ಪುಣ್ಯ ತೀರಿದರೆ ಸ್ವರ್ಗವೂ ಮುಗಿಯುತ್ತದೆ. ಧರ್ಮರಾಯನೂ ಸ್ವಲ್ಪ ಹೊತ್ತು ನರಕ ನೋಡಿಯೇ ಹೋದದ್ದು. ಹಾಗಾಗಿ ನಮ್ಮ ನರಕವನ್ನು ಹೋಲಿಸಬೇಕಾದ್ದು ಡಾಂಟೆಯ ನರಕದ ಜೊತೆ ಅಲ್ಲ, ಎರಡನೇ ಭಾಗದ ಶುದ್ಧಿಯ ಬೆಟ್ಟದ ಜೊತೆ. ಪುರ್ಗಟೋರಿಯೊ. ಇಂಥ ಒಂದು ಶುದ್ಧಿ ಇದೆ ಅಂತ ಚರ್ಚ್ 1274ರಲ್ಲಿ ಲಿಯೋನ್ ನಗರದ ಸಭೆಯಲ್ಲಿ ಬರೆದಿಟ್ಟಾಗ ಡಾಂಟೆ ಒಂಬತ್ತು ವರ್ಷದ ಹುಡುಗ. ಅದು ಎಲ್ಲಿದೆ, ಹೇಗಿದೆ ಅಂತ ಸಭೆ ಚಿತ್ರ ಬಿಡಿಸಲಿಲ್ಲ. ಜನ ಊಹಿಸಿಕೊಂಡದ್ದು ಹೆಚ್ಚಾಗಿ ನೆಲದಡಿಯ ಗುಹೆ, ನರಕದ ತಮ್ಮನಂಥ ಜಾಗ. ಡಾಂಟೆ ಅದನ್ನು ಎತ್ತಿ ಬಯಲಿಗೆ ತಂದ. ಸಮುದ್ರದ ನಡುವೆ ಒಂದು ಎತ್ತರದ ಬೆಟ್ಟ. ಬಿಸಿಲಿದೆ, ಬೆಳಗಾಗುತ್ತದೆ, ಸಂಜೆಯಾಗುತ್ತದೆ, ಹಾಡಿದೆ. ಏಳು ಮೆಟ್ಟಿಲು, ಏಳು ಪಾಪ. ಬಾಗಿಲಲ್ಲಿ ದೇವದೂತ ಕತ್ತಿಯ ಮೊನೆಯಿಂದ ಡಾಂಟೆಯ ಹಣೆಯ ಮೇಲೆ ಏಳು ಸಲ ‘ಪಿ’ ಅಕ್ಷರ ಕೊರೆಯುತ್ತಾನೆ. ಪಾಪಕ್ಕೆ ಅವರ ಭಾಷೆಯಲ್ಲಿ ‘ಪೆಕ್ಕಾತೊ’. ಒಂದೊಂದು ಸುತ್ತು ಮುಗಿದಾಗ ಒಂದೊಂದು ಅಳಿಸುತ್ತದೆ, ನಡಿಗೆ ಹಗುರಾಗುತ್ತದೆ.

ಒಂದು ಮುಖ್ಯವಾದ ವ್ಯತ್ಯಾಸವಿದೆ. ಈ ಬೆಟ್ಟದಲ್ಲಿ ಅವಧಿಯನ್ನು ಯಾರೂ ಹೊರಗಿನಿಂದ ಅಳೆಯುವುದಿಲ್ಲ. ಸ್ತಾತ್ಸಿಯೊ ಎಂಬ ಪ್ರಾಚೀನ ಲ್ಯಾಟಿನ್ ಕವಿ ಒಂದೇ ಮೆಟ್ಟಿಲಲ್ಲಿ 500 ವರ್ಷಕ್ಕೂ ಜಾಸ್ತಿ ಕವುಚಿ ಮಲಗಿದ್ದ. ಒಂದು ದಿನ ಎದ್ದ. ಇಡೀ ಬೆಟ್ಟ ಅದುರಿತು. ಯಾಕೆ ಅಂತ ಕೇಳಿದರೆ ಅವನು ಹೇಳುತ್ತಾನೆ: ಶುದ್ಧವಾಯಿತು ಅನ್ನುವುದಕ್ಕೆ ಸಾಕ್ಷಿ ಬೇರೇನೂ ಇಲ್ಲ, ಮೇಲೆ ಹೋಗಬೇಕು ಅಂತ ಮನಸ್ಸಿಗೇ ಅನ್ನಿಸುತ್ತದೆ, ಅಷ್ಟೇ. ನಮ್ಮ ಯಮಲೋಕದಲ್ಲಿ ಚಿತ್ರಗುಪ್ತ ಲೆಕ್ಕದ ಪುಸ್ತಕ ಹಿಡಿದು ಕೂತಿರುತ್ತಾನಲ್ಲ, ಇಲ್ಲಿ ಆ ಹುದ್ದೆಯೇ ಖಾಲಿ.

ಬದುಕಿರುವವರ ಪ್ರಾರ್ಥನೆ ಈ ಕಾಯುವಿಕೆಯನ್ನು ಕಡಿಮೆ ಮಾಡುತ್ತದೆ. ಮಂಗಳೂರು ಕಡೆ ನವೆಂಬರ್ 2ರಂದು ಕ್ಯಾಥೊಲಿಕರು ಸಮಾಧಿಗಳಿಗೆ ಹೂವಿಟ್ಟು ಮೊಂಬತ್ತಿ ಹಚ್ಚುವುದನ್ನು ನೋಡಿರಬಹುದು, ಅದರ ಹಿಂದಿರುವುದೂ ಇದೇ ನಂಬಿಕೆ. ಡಾಂಟೆಯ ಗೆಳೆಯ ಫೊರೇಸೆ 1296ರಲ್ಲಿ ತೀರಿಕೊಂಡಿದ್ದ. ಇಷ್ಟು ಬೇಗ ಇಷ್ಟು ಮೇಲೆ ಹೇಗೆ ಬಂದೆ ಅಂತ ಡಾಂಟೆಗೆ ಆಶ್ಚರ್ಯ. ನನ್ನ ನೆಲ್ಲಾಳ ಕಣ್ಣೀರಿನಿಂದ ಅನ್ನುತ್ತಾನೆ ಅವನು. ನೆಲ್ಲಾ ಅವನ ಹೆಂಡತಿ. ಹರೆಯದಲ್ಲಿ ಈ ಇಬ್ಬರು ಗೆಳೆಯರು ಒಬ್ಬರನ್ನೊಬ್ಬರು ಬೈದು ಪದ್ಯ ಬರೆಯುತ್ತಿದ್ದರು. ಒಂದರಲ್ಲಿ ಡಾಂಟೆ ಇದೇ ನೆಲ್ಲಾಳನ್ನು ಆಡಿಕೊಂಡಿದ್ದ. ನಡು ಬೇಸಿಗೆಯಲ್ಲೂ ನೆಗಡಿ ಕೆಮ್ಮು, ಗಂಡ ಹಾಸಿಗೆಯಲ್ಲಿ ಇಲ್ಲದ್ದಕ್ಕೆ ಅಂತ. ಆ ಋಣ ಇಲ್ಲಿ ತೀರಿಸಿದ ಅನ್ನಿಸುತ್ತದೆ.

ಈಗ ಏಳನೇ ಮೆಟ್ಟಿಲು. ಕಾಮ. ಫ್ರಾಂಚೆಸ್ಕಾಳದೇ ಪಾಪ. 26ನೇ ಸರ್ಗ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ನೇರ ಉತ್ತರ ಇರುವುದು ಇಲ್ಲಿ.

ಇಕ್ಕಟ್ಟಾದ ದಾರಿ. ಒಂದು ಕಡೆ ಬೆಂಕಿಯ ಗೋಡೆ, ಇನ್ನೊಂದು ಕಡೆ ಪ್ರಪಾತ. ಸಂಜೆಯ ಬಿಸಿಲು. ಡಾಂಟೆಯ ನೆರಳು ಬಿದ್ದ ಕಡೆ ಜ್ವಾಲೆ ಇನ್ನೂ ಕೆಂಪಗೆ ಕಾಣುತ್ತದೆ. ಆತ್ಮಗಳಿಗೆ ನೆರಳಿಲ್ಲ, ಹಾಗಾಗಿ ಒಳಗಿದ್ದವರಿಗೆ ಅನುಮಾನ. ಮಾತಾಡಿಸಲು ಹತ್ತಿರ ಬರುತ್ತಾರೆ. ಆದರೆ ತುಂಬಾ ಜಾಗ್ರತೆಯಿಂದ ಬರುತ್ತಾರೆ, ಎಲ್ಲಿ ಬೆಂಕಿಯಿಂದ ಆಚೆ ಕಾಲಿಟ್ಟುಬಿಡುತ್ತೇವೋ ಅಂತ. ಈ ಸಾಲು ಓದಿ ಕ್ಲಾಸಿನಲ್ಲಿ ನಿಲ್ಲಿಸಿದಾಗ ಸಾಮಾನ್ಯವಾಗಿ ಯಾರೂ ಮಾತಾಡುವುದಿಲ್ಲ. ನರಕದಲ್ಲಿ ಒಂದು ಕ್ಷಣ ತಪ್ಪಿಸಿಕೊಳ್ಳಲು ಒದ್ದಾಡುತ್ತಾರೆ. ಇಲ್ಲಿ ಬೆಂಕಿ ತಪ್ಪಿಹೋದೀತು ಅಂತ ಹೆದರುತ್ತಾರೆ.

ಎದುರಿನಿಂದ ಇನ್ನೊಂದು ಗುಂಪು ಬರುತ್ತದೆ. ಅವರು ಸಲಿಂಗಪ್ರೇಮಿಗಳು. ಎರಡೂ ಗುಂಪು ಒಂದೇ ಬೆಂಕಿಯಲ್ಲಿ, ಒಂದೇ ಮೆಟ್ಟಿಲಲ್ಲಿ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಎದುರಾದಾಗ ನಿಲ್ಲದೆ ಒಬ್ಬರಿಗೊಬ್ಬರು ಮುತ್ತು ಕೊಟ್ಟು ಮುಂದೆ ಹೋಗುತ್ತಾರೆ. ಸಾಲಿನಲ್ಲಿ ಹೋಗುವ ಇರುವೆಗಳು ಎದುರಾದಾಗ ಮೂತಿಗೆ ಮೂತಿ ತಾಗಿಸುತ್ತವಲ್ಲ, ಹಾಗೆ ಅನ್ನುತ್ತಾನೆ ಡಾಂಟೆ. ಒಂದು ಮುತ್ತಿಗೆ ನರಕವಾ ಅಂತ ಕೇಳಿದಿರಿ. ಶುದ್ಧಿಯ ಬೆಂಕಿಯಲ್ಲೂ ಮುತ್ತಿದೆ. ಮುತ್ತು ಪಾಪ ಅಂತ ಡಾಂಟೆ ಎಲ್ಲೂ ಹೇಳಲಿಲ್ಲ.

ಆ ಬೆಂಕಿಯಲ್ಲಿ ಒಬ್ಬ ಹೆಸರು ಹೇಳುತ್ತಾನೆ: ‘ನಾನು ಗ್ವಿದೊ ಗ್ವಿನಿಜೆಲ್ಲಿ.’ ಬೊಲೊನ್ಯಾದ ಕವಿ. ಡಾಂಟೆ ಮಾತಿಲ್ಲದೆ ಬಹಳ ಹೊತ್ತು ಅವನನ್ನೇ ನೋಡುತ್ತಾ ನಡೆಯುತ್ತಾನೆ. ಇವನು ನನಗೂ ನನಗಿಂತ ದೊಡ್ಡವರಿಗೂ ಅಪ್ಪ ಅನ್ನುತ್ತಾನೆ. ಯಾಕೆಂದರೆ ಪ್ರೀತಿ ಹುಟ್ಟುವುದು ಒಳ್ಳೆಯ ಹೃದಯದಲ್ಲಿ ಅಂತ ಮೊದಲು ಹಾಡಿದವನು ಇವನೇ. ಫ್ರಾಂಚೆಸ್ಕಾ ಏನಂದಿದ್ದಳು? ಒಳ್ಳೆಯ ಹೃದಯಕ್ಕೆ ಥಟ್ಟನೆ ಹತ್ತಿಕೊಳ್ಳುವ ಪ್ರೀತಿ. ಅವಳು ತನ್ನ ಸಮರ್ಥನೆಗೆ ಎತ್ತಿಕೊಂಡದ್ದು ಗ್ವಿನಿಜೆಲ್ಲಿಯ ಸಾಲನ್ನು! ಡಾಂಟೆಯೂ ಹರೆಯದಲ್ಲಿ ಪ್ರೀತಿ ಮತ್ತು ಒಳ್ಳೆಯ ಹೃದಯ ಎರಡೂ ಒಂದೇ ಅಂತ ಪದ್ಯ ಬರೆದಿದ್ದ, ಇದೇ ಗ್ವಿನಿಜೆಲ್ಲಿಯನ್ನು ಜಾಣ ಅಂತ ಕರೆದು. ಅವನು ಮೂರ್ಛೆ ಹೋದದ್ದು ಸುಮ್ನೆ ಕನಿಕರಕ್ಕಲ್ಲ ಅಂತ ನನಗನ್ನಿಸುತ್ತದೆ. ತಾನು ಬರೆದ ಪದ್ಯ ನರಕದಲ್ಲಿ ಒಬ್ಬಳ ಬಾಯಲ್ಲಿ ಕೇಳಿಸಿತಲ್ಲ, ಅದಕ್ಕೆ.

ಅವಳು ಸಾಲು ಎತ್ತಿಕೊಂಡಳು, ನರಕದಲ್ಲಿದ್ದಾಳೆ. ಸಾಲು ಬರೆದವನು ಸ್ವರ್ಗದ ದಾರಿಯಲ್ಲಿದ್ದಾನೆ. ಇದೇ ತಾನೇ ನಿಮ್ಮ ಅನ್ಯಾಯ? ಈಗ ಗ್ವಿನಿಜೆಲ್ಲಿಯ ಮಾತು ಕೇಳಿ. ‘ನಾವು ಮನುಷ್ಯರ ಕಟ್ಟಳೆ ಪಾಲಿಸಲಿಲ್ಲ, ಪ್ರಾಣಿಗಳ ಹಾಗೆ ಆಸೆಯ ಹಿಂದೆ ಹೋದೆವು.’ ಪಾಲಿಸಲಿಲ್ಲ. ಹೋದೆವು. ನಾವು. ಲೋಟ ಬೀಳಿಸಿದ್ದು ನಾವು. ತನ್ನ ಪ್ರಸಿದ್ಧ ಸಾಲನ್ನು ಅವನು ಬಾಯಿಗೇ ತರುವುದಿಲ್ಲ. ಡಾಂಟೆ ಹೊಗಳಲು ಹೋದರೆ, ನನಗಿಂತ ದೊಡ್ಡ ಕುಶಲಿ ಅಲ್ಲಿದ್ದಾನೆ ನೋಡು ಅಂತ ಮುಂದಿದ್ದ ಆರ್ನೌತ್ ದಾನಿಯೆಲ್ ಎಂಬ ಕವಿಯನ್ನು ತೋರಿಸಿ, ನೀರಿನ ತಳಕ್ಕೆ ಮೀನು ಇಳಿದ ಹಾಗೆ ಬೆಂಕಿಯೊಳಗೆ ಮಾಯವಾಗುತ್ತಾನೆ. ಆರ್ನೌತ್ ತನ್ನ ಪ್ರೊವೆನ್ಸಾಲ್ ಭಾಷೆಯಲ್ಲೇ ಎಂಟು ಸಾಲು ಮಾತಾಡುತ್ತಾನೆ. ಹಳೆಯ ಹುಚ್ಚನ್ನು ನೋಡಿ ದುಃಖವಾಗುತ್ತದೆ, ಮುಂದಿರುವ ಸಂತೋಷ ನೋಡಿ ಖುಷಿಯಾಗುತ್ತದೆ ಅಂತ. ಆಮೇಲೆ ತನ್ನನ್ನು ಪುಟ ಹಾಕುವ ಬೆಂಕಿಯಲ್ಲಿ ಅಡಗಿಕೊಳ್ಳುತ್ತಾನೆ.

ಡಾಂಟೆಯೂ ಆ ಬೆಂಕಿ ದಾಟಬೇಕು. ಹೆದರಿ ನಿಂತುಬಿಡುತ್ತಾನೆ. ಈ ಗೋಡೆಯ ಆಚೆ ನಿನ್ನ ಬಿಯಾತ್ರಿಚೆ ಇದ್ದಾಳೆ ಅಂತ ಗುರು ವರ್ಜಿಲ್ ಆಸೆ ತೋರಿಸುತ್ತಾನೆ, ಮಗುವಿಗೆ ಸೇಬು ತೋರಿಸಿದ ಹಾಗೆ. ಬಿಯಾತ್ರಿಚೆ ಡಾಂಟೆ ಹರೆಯದಲ್ಲಿ ಪ್ರೀತಿಸಿದ ಹೆಣ್ಣು, ಆಗಲೇ ತೀರಿಕೊಂಡಿದ್ದಳು. ವರ್ಜಿಲ್ ರೋಮ್‌ನ ಹಳೆಯ ಕವಿ, ನರಕದಿಂದಲೂ ಅವನಿಗೆ ದಾರಿ ತೋರಿಸುತ್ತಾ ಬಂದವನು. ಒಳಗೆ ಹೋದ ಮೇಲೆ ಎಷ್ಟು ಬಿಸಿ ಅಂದರೆ, ತಣ್ಣಗಾಗಲು ಕುದಿಯುವ ಗಾಜಿನಲ್ಲಿ ಬೇಕಾದರೂ ಹಾರುತ್ತಿದ್ದೆ ಅನ್ನುತ್ತಾನೆ. ನೋಡಿ, ಆಸೆಯನ್ನು ಸುಡುವ ಬೆಂಕಿಯನ್ನು ದಾಟಿಸುವುದಕ್ಕೂ ಬೇಕಾದದ್ದು ಒಬ್ಬ ಹೆಣ್ಣಿನ ಮೇಲಿನ ಪ್ರೀತಿಯೇ. ಈ ಕಾವ್ಯದ ನಟ್ಟನಡುವೆ, ಅಂದರೆ 51ನೇ ಸರ್ಗದಲ್ಲಿ, ಪುಣ್ಯಕ್ಕೂ ಪಾಪಕ್ಕೂ ಬೇರು ಒಂದೇ, ಅದು ಪ್ರೀತಿ ಅಂತ ವರ್ಜಿಲ್ ಪಾಠ ಹೇಳುತ್ತಾನೆ. ತಪ್ಪು ಕಡೆ ತಿರುಗಿದರೆ, ಕಡಿಮೆಯಾದರೆ ಅಥವಾ ಅತಿಯಾದರೆ ಪಾಪ. ಏಳು ಮೆಟ್ಟಿಲೂ ಇದೇ ಲೆಕ್ಕದಲ್ಲಿ ನಿಂತಿವೆ.

ಸ್ವರ್ಗದಲ್ಲೂ ಈ ಜಾತಿಯವರು ಇದ್ದಾರೆ. ಮೂರನೇ ಭಾಗದ ಒಂಬತ್ತನೇ ಸರ್ಗದಲ್ಲಿ ಕುನಿತ್ಸಾ ಬರುತ್ತಾಳೆ. ಈಕೆಯ ಮುಂದೆ ಫ್ರಾಂಚೆಸ್ಕಾ ಏನೂ ಅಲ್ಲ. ಒಂದಕ್ಕಿಂತ ಹೆಚ್ಚು ಗಂಡಂದಿರು, ಪ್ರೇಮಿಗಳು ಬೇರೆ. ಸೊರ್ದೆಲ್ಲೊ ಎಂಬ ಕವಿ ಗಂಡನ ಮನೆಯಿಂದಲೇ ಅವಳನ್ನು ಕರೆದೊಯ್ದಿದ್ದ. ಅವಳ ಅಣ್ಣ ಎತ್ಸೆಲಿನೊ ಮಹಾ ಕ್ರೂರಿ, ಅವನು ನರಕದಲ್ಲಿ ಕುದಿಯುವ ರಕ್ತದ ಹೊಳೆಯಲ್ಲಿದ್ದಾನೆ. ತಂಗಿ ಮಾತ್ರ ಶುಕ್ರಗ್ರಹದ ಬೆಳಕಿನಲ್ಲಿ ಹೊಳೆಯುತ್ತಾ, ‘ಈ ನಕ್ಷತ್ರ ನನ್ನನ್ನು ಸೋಲಿಸಿತು, ಅದಕ್ಕೆ ನನ್ನನ್ನು ನಾನೇ ಖುಷಿಯಿಂದ ಕ್ಷಮಿಸಿಕೊಂಡಿದ್ದೇನೆ, ನಿಮ್ಮ ಜನಕ್ಕೆ ಇದು ಅರ್ಥವಾಗುವುದು ಕಷ್ಟ’ ಅನ್ನುತ್ತಾಳೆ. ಇವಳು ಇಲ್ಲಿಗೆ ಹೇಗೆ ಬಂದಳು ಅಂತ ಡಾಂಟೆ ವಿವರಿಸುವುದಿಲ್ಲ. ವಯಸ್ಸಾದ ಮೇಲೆ 1265ರಲ್ಲಿ, ಫ್ಲಾರೆನ್ಸ್‌ನ ಒಂದು ಮನೆಯಲ್ಲಿ, ಅಪ್ಪ ಅಣ್ಣಂದಿರ ಜೀತದಾಳುಗಳಿಗೆಲ್ಲಾ ಅವಳು ಬಿಡುಗಡೆ ಪತ್ರ ಬರೆದುಕೊಟ್ಟಳು. ಆ ಮನೆ ಡಾಂಟೆಯ ಆಪ್ತ ಗೆಳೆಯ ಗ್ವಿದೊ ಕವಲ್ಕಾಂತಿಯ ಅಪ್ಪನದು. ಕಥೆ ಅವನ ಕಿವಿಗೆ ಬಿದ್ದಿರಬೇಕು.

ಫ್ರಾಂಚೆಸ್ಕಾಳ ಒಂದು ಮಾತು ನಿಮಗೆ ನೆನಪಿರಬಹುದು: ‘ಆ ದಿನ ನಾವು ಮುಂದೆ ಓದಲಿಲ್ಲ.’ ಓದಿದ್ದರೆ ಲ್ಯಾನ್ಸಲಾಟ್ ಮತ್ತು ರಾಣಿಯ ಅದೇ ಪ್ರೀತಿಯಿಂದ ಇಡೀ ರಾಜ್ಯ ಹಾಳಾದದ್ದು ಅವರಿಗೂ ಗೊತ್ತಾಗುತ್ತಿತ್ತು. ನೀವು ಮಾತ್ರ ಐದನೇ ಸರ್ಗಕ್ಕೆ ನಿಲ್ಲಿಸಬೇಡಿ, ಪ್ಲೀಸ್. ಎಲ್ಲಾ ಓದಲು ಪುರುಸೊತ್ತಿಲ್ಲ ಅಂದರೆ ಎರಡನೇ ಭಾಗದ 5 ಮತ್ತು 26, ಮೂರನೇ ಭಾಗದ 9 ಓದಿ.

ಇನ್ನು ನಮ್ಮಂಥವರ ವಿಷಯ. ಇದನ್ನು ಡಾಂಟೆ ಕೇಳದೆ ಬಿಟ್ಟಿಲ್ಲ, ಅದೂ ನಮ್ಮ ಕಡೆಯ ಹೆಸರು ಹೇಳಿಯೇ ಕೇಳಿದ್ದಾನೆ. ಸ್ವರ್ಗದ 19ನೇ ಸರ್ಗ. ನ್ಯಾಯವಂತ ರಾಜರ ಆತ್ಮಗಳೆಲ್ಲಾ ಸೇರಿ ಒಂದು ದೊಡ್ಡ ಹದ್ದಿನ ಆಕಾರದಲ್ಲಿ ನಿಂತಿವೆ. ಡಾಂಟೆಯ ಮನಸ್ಸಿನಲ್ಲಿ ಬಹಳ ಕಾಲದಿಂದ ಕೊರೆಯುತ್ತಿದ್ದ ಪ್ರಶ್ನೆಯನ್ನು ಆ ಹದ್ದೇ ಎತ್ತುತ್ತದೆ: ಸಿಂಧೂ ನದಿಯ ದಡದಲ್ಲಿ ಒಬ್ಬ ಹುಟ್ಟುತ್ತಾನೆ. ಅಲ್ಲಿ ಕ್ರಿಸ್ತನ ಬಗ್ಗೆ ಹೇಳುವವರಿಲ್ಲ, ಓದಿಸುವವರಿಲ್ಲ, ಬರೆಯುವವರಿಲ್ಲ. ಅವನ ಮನಸ್ಸೂ ನಡತೆಯೂ ಒಳ್ಳೆಯದು. ಸ್ನಾನದೀಕ್ಷೆ ಇಲ್ಲದೆ ಸಾಯುತ್ತಾನೆ. ಅವನನ್ನು ಶಿಕ್ಷಿಸುವ ನ್ಯಾಯ ಎಲ್ಲಿದೆ? ನಂಬದೇ ಇದ್ದದ್ದು ಅವನ ತಪ್ಪು ಹೇಗೆ?

ಪ್ರಶ್ನೆ ಇಷ್ಟು ಖಡಕ್ಕಾಗಿದೆ, ಉತ್ತರ ಅಷ್ಟಿಲ್ಲ ಅನ್ನುವುದು ನನ್ನ ಅನಿಸಿಕೆ. ಗೇಣುದ್ದ ಕಾಣುವ ಕಣ್ಣಿಟ್ಟುಕೊಂಡು ಸಾವಿರ ಮೈಲಿ ದೂರದ್ದಕ್ಕೆ ತೀರ್ಪು ಕೊಡಲು ನೀನು ಯಾರು ಅಂತ ಹದ್ದು ಗದರಿಸುತ್ತದೆ. ಆಮೇಲೆ ಸ್ವಲ್ಪ ಮೆತ್ತಗಾಗುತ್ತದೆ. ಕ್ರಿಸ್ತ ಕ್ರಿಸ್ತ ಅಂತ ಕೂಗುವ ಎಷ್ಟೋ ಜನ, ಅವನ ಹೆಸರೇ ಕೇಳದವರಿಗಿಂತ ಅವನಿಂದ ದೂರ ಇರುತ್ತಾರೆ ಅನ್ನುತ್ತದೆ.

ಮುಂದಿನ ಸರ್ಗದಲ್ಲಿ ಡಾಂಟೆ ಒಂದು ಕೆಲಸ ಮಾಡುತ್ತಾನೆ. ಹದ್ದಿನ ಹುಬ್ಬಿನಲ್ಲಿ ಹೊಳೆಯುವ ಐದು ಆತ್ಮಗಳಲ್ಲಿ ಒಂದು ರಿಫೇಯಸ್‌ನದು. ಟ್ರಾಯ್ ನಗರದ ಸೈನಿಕ, ಕ್ರಿಸ್ತ ಹುಟ್ಟುವುದಕ್ಕೆ ನೂರಾರು ವರ್ಷ ಮೊದಲಿನವನು. ಅವನ ಬಗ್ಗೆ ಲೋಕಕ್ಕೆ ಗೊತ್ತಿರುವುದೆಲ್ಲಾ ವರ್ಜಿಲ್‌ನ ಕಾವ್ಯದಲ್ಲಿ ಬರುವ ಬೆರಳೆಣಿಕೆಯ ಸಾಲುಗಳು. ಟ್ರಾಯ್‌ನವರಲ್ಲೇ ಅತಿ ನ್ಯಾಯವಂತ, ಆದರೂ ಬಿದ್ದ, ದೇವರುಗಳಿಗೆ ಬೇರೆ ಕಂಡಿತು ಅಂತ ವರ್ಜಿಲ್ ಬರೆದಿದ್ದ. ಡಾಂಟೆ ಅವನನ್ನು ಹುಡುಕಿ ತೆಗೆದು ಸ್ವರ್ಗದಲ್ಲಿ ಕೂರಿಸಿದ. ಆ ಸಾಲು ಬರೆದ ವರ್ಜಿಲ್ ಮಾತ್ರ, ನರಕದಿಂದ ಬೆಟ್ಟದ ತುದಿಯವರೆಗೂ ಕೈ ಹಿಡಿದು ಕರೆತಂದವನು, ಆ ಹೊತ್ತಿಗೆ ಲಿಂಬೋಗೆ ವಾಪಸ್ ಹೋಗಿಯಾಗಿತ್ತು.